ಮೊದಲ ಕಾದಂಬರಿ: ಕೌಂಟರಿನಿಂದ ಗದಗಿನ ಪ್ರೆಸ್ಸಿನವರೆಗೆ

ನನ್ನ ಮೊದಲ ಕಾದಂಬರಿ ಅಚ್ಚಾಗಿ ಮನೆಗೆ ಬಂದಿದೆ. ಬಿಡುಗಡೆಯೂ ಆಯಿತು. ಈಗ ಸ್ವಲ್ಪ ಉಸಿರು ಬಿಡೋ ಹಾಗಾಗಿದೆ. ಬರೆಯುವಾಗಲೇ ಗೊತ್ತಿದ್ದವರನ್ನೆಲ್ಲ ಕೇಳಿದ್ದೆ, ಮುಂದೇನು ಮಾಡಬೇಕು ಅಂತ. "ನೀವು ಮೊದಲು ಬರೆದು ಮುಗಿಸಿ, ಆಮೇಲಿನದು ತಾನಾಗೇ ಆಗುತ್ತೆ" ಅಂದರು. ತಾನಾಗೇ ಆದದ್ದು ಒಂದೂ ಇಲ್ಲ. ಬರೆಯೋಕೆ ಹಿಡಿದ ಕಾಲಕ್ಕೂ ಅದನ್ನು ಪುಸ್ತಕ ಮಾಡೋಕೆ ಹಿಡಿದ ಕಾಲಕ್ಕೂ ಅಂಥ ವ್ಯತ್ಯಾಸವೇನೂ ಇಲ್ಲ. ಬೀರುವಿನಲ್ಲಿ ಹಸ್ತಪ್ರತಿ ಇಟ್ಟುಕೊಂಡು ಕೂತಿರುವವರು ತುಂಬ ಜನ ಇದ್ದಾರೆ ಅಂತ ನನಗೆ ಗೊತ್ತು. ಅವರಿಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯವಳು. ಒಂದು ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತೆ ಕೆಲಸ. ಬಿಡುಗಡೆ ದಿನ ಸುಮಾರು ಜನ ಕೇಳಿದರು, ಸ್ಫೂರ್ತಿ ಎಲ್ಲಿಂದ ಬಂತು ಅಂತ. ಕೌಂಟರಿನಿಂದ ಬಂತು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಸಣ್ಣ ಸಾಲಕ್ಕೆ ಬಂದಿದ್ದರು. ಬೆರಳಚ್ಚಿನ ಮಿಷನ್ ಮೇಲೆ ಬೆರಳಿಟ್ಟರು, ತಗೊಳ್ಳಲಿಲ್ಲ. ಸೆರಗಿನಲ್ಲಿ ಒರೆಸಿಕೊಂಡು ಇಟ್ಟರು, ಇಲ್ಲ. ಇನ್ನೊಂದು ಬೆರಳು, ಅದೂ ಇಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಅವರು ನಗುತ್ತಾ, "ನನ್ ಬೆಳ್ಳೆಲ್ಲ ಭಟ್ಟ್ಯಾಗ ಸವದು ಹೋಗ್ಯಾವ್ರೀ ಮೇಡಂ, ಮಿಷನ್ನಿಗೆ ಏನ್ ಕಾಣತೈತಿ" ಅಂದರು. ವರ್ಷಗಟ್ಟಲೆ ಉಪ್ಪು, ಬಿಸಿ ಮರಳು, ಜರಡಿ ಮುಟ್ಟಿದ ಬೆರಳಿನಲ್ಲಿ ಗೆರೆಗಳೇ ಉಳಿದಿರಲಿಲ್ಲ. ಆ ಮಾತನ್ನು ಒಂದು ಠೇವಣಿ ಚೀಟಿಯ ಹಿಂದೆ ಬರೆದುಕೊಂಡೆ. ಕಾದಂಬರಿ ಶುರುವಾಗೋದು ಆ ಮಾತಿನಿಂದಲೇ.

ಆದರೆ ಚೀಟಿ ಪರ್ಸಿನಲ್ಲೇ ಬಹಳ ದಿನ ಇತ್ತು. ಬರೆಯೋಕೆ ಹೊತ್ತು ಎಲ್ಲಿದೆ? ಬೆಳಿಗ್ಗೆ ಡಬ್ಬಿ, ಮಗಳ ಹತ್ತನೇ ಕ್ಲಾಸು, ಅತ್ತೆಯ ಸಕ್ಕರೆ ಕಾಯಿಲೆ, ಸಂಜೆ ಲೆಡ್ಜರ್ ತಾಳೆ ಆಗದಿದ್ದರೆ ಕತ್ತಲಾಗುವವರೆಗೆ ಆಫೀಸು. ಕೊನೆಗೆ ಹೊತ್ತು ಸಿಕ್ಕಿದ್ದು ನಲ್ಲಿಯಿಂದ. ನಮ್ಮ ಓಣಿಗೆ ನೀರು ದಿನಾ ಬರುವುದಿಲ್ಲ. ಬರುವ ದಿನ ಬೆಳಗಿನ ಜಾವವೇ ಎದ್ದು, ತೊಟ್ಟಿ ತುಂಬುವವರೆಗೆ ಕಾಯಬೇಕು. ಮಲಗೋ ಹಾಗಿಲ್ಲ, ಬೇರೆ ಕೆಲಸ ಹಿಡಿಯೋ ಹಾಗೂ ಇಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕೂತು ಉದ್ದ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ನೀರು ನಿಂತ ಕೂಡಲೇ ಬರವಣಿಗೆಯೂ ನಿಲ್ಲಬೇಕು. ಮುಂದಿನ ಸಾಲು ಏನು ಅಂತ ಗೊತ್ತಿರುವಾಗಲೇ ಪೆನ್ನು ಮುಚ್ಚಬೇಕಾಗುತ್ತಿತ್ತು. ಅದರಿಂದ ನನಗೆ ಲಾಭವೇ ಆಯಿತು. ಮತ್ತೆ ಕೂತಾಗ ಎಲ್ಲಿಂದ ಶುರು ಮಾಡಲಿ ಅಂತ ತಡಕಾಡುವ ಕಷ್ಟ ಇರಲಿಲ್ಲ.

ಭಟ್ಟಿಯ ಬಗ್ಗೆ ಬರೆಯಬೇಕಾದರೆ ಭಟ್ಟಿಗೆ ಹೋಗಲೇಬೇಕಲ್ವಾ? ದಾವಣಗೆರೆಯಲ್ಲಿ ಹುಟ್ಟಿ ಬೆಳೆದು, ವಾರಕ್ಕೊಮ್ಮೆ ಮಂಡಕ್ಕಿ ಮಿರ್ಚಿ ತಿಂದು, ಒಳಗೆ ಕಾಲಿಟ್ಟದ್ದು ಆಗಲೇ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ ಅಕ್ಕಿ ಮಾಡಿರುತ್ತಾರೆ. ಅದಕ್ಕೆ ಉಪ್ಪು ಹಿಡಿಸಿ ಕಾದ ಮರಳಿಗೆ ಹಾಕುತ್ತಾರೆ. ಮರಳು ಹದಕ್ಕೆ ಕಾದಿದ್ದರೆ ಕೆಲವೇ ಸೆಕೆಂಡು, ಬಾಣಲೆ ತುಂಬ ಬೆಳ್ಳಗೆ ಅರಳಿ ಬಿಡುತ್ತೆ. ಮರುಕ್ಷಣ ಜರಡಿಗೆ. ಮರಳು ಕೆಳಗೆ, ಮಂಡಕ್ಕಿ ಮೇಲೆ. ಬಿಸಿಲೇರುವ ಮುಂಚೆ ಹೆಚ್ಚು ಕೆಲಸ ಮುಗಿಸಬೇಕು ಅಂತ ನಸುಕಿನಲ್ಲೇ ಒಲೆ ಹೊತ್ತಿಸುತ್ತಾರೆ. ಉರಿಯೋಕೆ ಹೊಟ್ಟು, ಕಟ್ಟಿಗೆ. ಕೆಲವು ಕಡೆ ಹಳೆ ಟೈರು. ಆ ಹೊಗೆಯಲ್ಲಿ ನಾನು ಅರ್ಧ ಗಂಟೆ ನಿಲ್ಲಲಾರದೆ ಹೊರಗೆ ಬಂದು ಕೆಮ್ಮಿದೆ. ಒಳಗಿದ್ದವರು ನಗುತ್ತಿದ್ದರು.

ಇಲ್ಲಿ ಒಂದು ಮಾತು. ಜೀವಂತ ಜನರ ನಡುವೆ ಹೋಗಿ ಕಥೆ ಕಟ್ಟುವವರು ಮೊದಲೇ ಹೇಳಿಬಿಡಿ, ನಾನು ಬರೆಯೋಕೆ ಬಂದಿದ್ದೇನೆ ಅಂತ. ನಾನು ಹೇಳಿದೆ. "ಬರಕೊಳ್ರಿ, ಹೆಸ್ರು ಮಾತ್ರ ಬ್ಯಾಡ" ಅಂದರು. ಫೋಟೋ, ರೆಕಾರ್ಡಿಂಗು ಯಾವುದೂ ಮಾಡಲಿಲ್ಲ. ನೋಡಿದ್ದನ್ನು ಮನೆಗೆ ಬಂದು ಬರೆದೆ. ಸಂಘದ ಕಡತದಲ್ಲಿದ್ದ ಯಾರ ಸಾಲದ ವಿವರವನ್ನೂ ಮುಟ್ಟಲಿಲ್ಲ. ಅದು ನೌಕರಿಯ ನಿಯತ್ತು. ಸರ್ಕಾರಿ ಕೆಲಸದಲ್ಲಿರುವವರು ಪುಸ್ತಕ ತರುವ ಮುಂಚೆ ನಿಮ್ಮ ನಡತೆ ನಿಯಮ ಏನು ಹೇಳುತ್ತೆ ಅಂತಲೂ ಒಮ್ಮೆ ನೋಡಿಕೊಳ್ಳಿ.

ನಡುವೆ ಒಂದು ಸಲ ಕಥೆ ಪೂರ್ತಿ ನಿಂತುಹೋಯಿತು. ಮನೆಯವರು, "ರಜೆ ಹಾಕಿ ತವರಿಗೆ ಹೋಗು, ನೆಮ್ಮದಿಯಾಗಿ ಬರಿ" ಅಂದರು. ಹೋದೆ. ಹೊನ್ನಾಳಿ ಕಡೆಯ ಹಳ್ಳಿ, ತುಂಗಭದ್ರೆ ಹತ್ತಿರ. ಬೆಳಿಗ್ಗೆ ಎದ್ದರೆ ಕಾಫಿ ಕೈಗೆ ಬರುತ್ತಿತ್ತು. ಯಾರೂ ಕರೆಯುತ್ತಿರಲಿಲ್ಲ. ಪುಟಗಟ್ಟಲೆ ಬರೆದೆ. ಹೊಳೆ, ಮಂಜು, ಸೂರ್ಯೋದಯ, ನಾಯಕಿಯ ಮನಸ್ಸಿನ ತಳಮಳ. ಓದಿದರೆ ಚೆನ್ನಾಗಿಯೇ ಇತ್ತು. ಆದರೆ ಭಟ್ಟಿಯಲ್ಲಿ ಕೆಲಸ ಮಾಡುವ ಹೆಂಗಸಿಗೆ ಇಷ್ಟೊಂದು ತಳಮಳ ಪಡುವಷ್ಟು ಪುರಸೊತ್ತು ಎಲ್ಲಿಂದ ಬಂತು ಅನ್ನೋದಕ್ಕೆ ಆ ಪುಟಗಳಲ್ಲಿ ಉತ್ತರ ಇರಲಿಲ್ಲ.

ಕಥೆಯನ್ನು ಮತ್ತೆ ಎಬ್ಬಿಸಿದ್ದು ನಮ್ಮ ಸಂಘದ ಕ್ಯಾಷಿಯರ್. ಅವರು ಕಾದಂಬರಿ ಓದುವವರಲ್ಲ. ಊಟದ ಬಿಡುವಿನಲ್ಲಿ ನೋಟ್‌ಬುಕ್ ಇಸಕೊಂಡು ಓದಿದರು. ಭಾಷೆ ಹೇಗಿದೆ, ಪಾತ್ರ ಹೇಗಿದೆ ಅಂತ ಒಂದೂ ಹೇಳಲಿಲ್ಲ. "ಅಲ್ಲಾ, ಈಕೆ ಇಷ್ಟು ತಿಂಗಳು ಕಂತು ಕಟ್ಟಿಲ್ಲ. ಜಾಮೀನು ಹಾಕಿದವನು ಸುಮ್ನೆ ಕೂತಿರ್ತಾನಾ?" ಅಂದರು. ಅಷ್ಟೇ. ಆ ದಿನದಿಂದ ಜಾಮೀನುದಾರ ಕಥೆಯೊಳಗೆ ಬಂದ. ಸೈಕಲ್ ಮೇಲೆ ಬಂದು ಭಟ್ಟಿಯ ಮುಂದೆ ನಿಲ್ಲತೊಡಗಿದ. ಬಯ್ಯುವುದಿಲ್ಲ, ಸುಮ್ನೆ ನಿಲ್ಲುತ್ತಾನೆ. ಕಾದಂಬರಿಯ ದ್ವಿತೀಯಾರ್ಧ ಪೂರ್ತಿ ಅವನದೇ. ಹಸ್ತಪ್ರತಿಯನ್ನು ಸಾಹಿತ್ಯ ಬಲ್ಲವರಿಗೆ ತೋರಿಸಿ, ಬೇಡ ಅನ್ನುವುದಿಲ್ಲ. ಆದರೆ ನೀವು ಬರೆದ ಲೋಕದ ಲೆಕ್ಕಾಚಾರ ಗೊತ್ತಿರುವ ಒಬ್ಬರಿಗೂ ತೋರಿಸಿ.

ಟೈಪಿಂಗ್ ವಿಷಯ. ಕೈಬರಹದ ಪುಟಗಳನ್ನು ಯಾರೂ ತಗೊಳ್ಳುವುದಿಲ್ಲ, ಟೈಪ್ ಮಾಡಿಯೇ ಕೊಡಬೇಕು. ಮೊದಲು ಮೊಬೈಲಿನಲ್ಲಿ ಮಾತಾಡಿ ಟೈಪ್ ಮಾಡಿಸಲು ನೋಡಿದೆ. ನಿರೂಪಣೆ ಪರವಾಗಿಲ್ಲ, ಸಂಭಾಷಣೆಗೆ ಬಂದರೆ ಕಥೆ ಮುಗಿಯಿತು. ನಾನು "ಬರತೈತಿ" ಅಂದರೆ ಫೋನು "ಬರುತ್ತಿದೆ" ಅನ್ನುತ್ತಿತ್ತು. ಕೊನೆಗೆ ಮಗಳ ಹಳೆ ಲ್ಯಾಪ್‌ಟಾಪಿನಲ್ಲಿ ಯೂನಿಕೋಡ್‌ನಲ್ಲಿ ನಾನೇ ಕುಟ್ಟಿದೆ. ಯೂನಿಕೋಡ್ ಅಂದರೆ ಯಾವ ಫೋನು, ಕಂಪ್ಯೂಟರಿನಲ್ಲೂ ಒಂದೇ ಥರ ಓದಿಸಿಕೊಳ್ಳುವ ಅಕ್ಷರ ಸಂಕೇತ. ಈ ಯೂನಿಕೋಡ್ ಅನ್ನೋದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಕಾಡುತ್ತೆ.

ಆಮೇಲೆ ಪ್ರಕಾಶಕರ ಹುಡುಕಾಟ. ಒಬ್ಬರಿಗೆ ಇಮೇಲ್, ಒಬ್ಬರಿಗೆ ಕೊರಿಯರ್, ಇನ್ನೊಬ್ಬರನ್ನು ಬೆಂಗಳೂರಿಗೇ ಹೋಗಿ ಕಂಡೆ. ಮೊದಲಿನವರಿಂದ ಉತ್ತರವೇ ಬರಲಿಲ್ಲ. ಎರಡನೆಯವರು ಮರ್ಯಾದೆಯಿಂದ, ಈ ವರ್ಷದ ಪಟ್ಟಿ ಭರ್ತಿಯಾಗಿದೆ ಅಂದರು. ಬೇಜಾರಾಯಿತು, ಆದರೆ ಅದು ನ್ಯಾಯವಾದ ಉತ್ತರ. ಕಾಯುವಾಗ ಆಗುವ ಹಿಂಸೆ ಬೇರೆಯದು. ಬಸ್ಸಿನಲ್ಲಿ ಫೋನ್ ಬಂದರೆ ಎದೆ ಧಸಕ್ ಅನ್ನೋದು. ನೋಡಿದರೆ ಸಿಮ್ ಕಂಪನಿಯವರು. ಬೇರೇನೂ ಬರೆಯಲಾಗಲಿಲ್ಲ ಆ ದಿನಗಳಲ್ಲಿ. ನೀರು ಬಂದಾಗ ಮೆಟ್ಟಿಲ ಮೇಲೆ ಸುಮ್ನೆ ಕೂರುತ್ತಿದ್ದೆ.

ಮೂರನೆಯವರು ಒಪ್ಪಿದರು. ಖುಷಿಯಿಂದ ಮನೆಯಲ್ಲಿ ಪಾಯಸ ಮಾಡಿದ್ದೂ ಆಯಿತು. ಆಮೇಲೆ ಒಂದು ಪುಟದ ಕರಾರು ಬಂತು. ಕೃತಿಯ ಎಲ್ಲ ಹಕ್ಕೂ ಪ್ರಕಾಶಕರದು. ಎಷ್ಟು ವರ್ಷ ಅಂತ ಇಲ್ಲ. ಗೌರವಧನದ ಬದಲು ಒಂದಷ್ಟು ಪ್ರತಿ. ಜೊತೆಗೆ ನಾನೇ 200 ಪ್ರತಿ ಕೊಂಡುಕೊಳ್ಳಬೇಕು. ಸಂಘದಲ್ಲಿ ಸಾಲದ ಕರಾರು ದಿನಾ ಓದಿಸುವವಳು ನಾನು, ಓದದೆ ಸಹಿ ಹಾಕಬೇಡಿ ಅಂತ ಎಲ್ಲರಿಗೂ ಹೇಳುವವಳು. ಕೂತು ಓದಿದೆ. ಒಬ್ಬ ವಕೀಲರನ್ನೂ ಕೇಳಿದೆ.

ಅವರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಇದು ಎಲ್ಲರಿಗೂ ಬೇಕಾದದ್ದು. ನೀವು ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯ ಅಲ್ಲ. ಬೇಕಿದ್ದರೆ ಕಾಪಿರೈಟ್ ಕಚೇರಿಯಲ್ಲಿ ಆನ್‌ಲೈನ್‌ನಲ್ಲೇ ಮಾಡಿಸಬಹುದು, ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಅರ್ಜಿ ಹಾಕಿದ ಮೇಲೆ ಯಾರಾದರೂ ತಕರಾರು ಮಾಡುತ್ತಾರಾ ಅಂತ 30 ದಿನ ಕಾಯುತ್ತಾರೆ. ಹಕ್ಕು ಲೇಖಕರ ಜೀವಮಾನವಿಡೀ, ಆಮೇಲೆ ಇನ್ನೂ 60 ವರ್ಷ. ಹಕ್ಕನ್ನು ಬೇರೆಯವರಿಗೆ ಕೊಡಬೇಕಾದರೆ ಬರಹದಲ್ಲೇ ಇರಬೇಕು, ಸಹಿ ಇರಬೇಕು. 1957ರ ಕಾಪಿರೈಟ್ ಕಾಯ್ದೆಯ 19ನೇ ಕಲಂ ಪ್ರಕಾರ, ಎಷ್ಟು ಕಾಲ ಅಂತ ಬರೆಯದಿದ್ದರೆ ಐದು ವರ್ಷ ಅಂತಲೇ ಲೆಕ್ಕ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಇದನ್ನು ಕೇಳಿ ಸ್ವಲ್ಪ ಧೈರ್ಯ ಬಂತು. ಆದರೂ ಆಡಿಯೋ, ಇ-ಪುಸ್ತಕ, ಸಿನಿಮಾ ಎಲ್ಲ ಸೇರಿಸಿ ಒಂದೇ ಸಾಲಿನಲ್ಲಿ ಬರೆದುಕೊಡಲು ಮನಸ್ಸು ಒಪ್ಪಲಿಲ್ಲ. ಒಂದೊಂದನ್ನೂ ಬೇರೆ ಬೇರೆ ಬರೆಯೋಣ ಅಂದೆ. ಆ ಕಡೆಯಿಂದ ಮತ್ತೆ ಫೋನ್ ಬರಲಿಲ್ಲ.

ಹಾಗಾಗಿ ನಾನೇ ಪ್ರಕಾಶಕಿಯಾದೆ. ಅಮ್ಮನ ಹೆಸರಿನಲ್ಲಿ ಒಂದು ಪ್ರಕಾಶನ. ದುಡ್ಡಿಗೆ ಚೀಟಿ ಎತ್ತಿದೆ. ಅತ್ತೆ ಮಾತ್ರ, "ಆ ದುಡ್ಡಲ್ಲಿ ತೊಟ್ಟಿ ದೊಡ್ಡದು ಮಾಡಿಸಬಹುದಿತ್ತು" ಅಂದರು. ಅವರ ಮಾತಿನಲ್ಲೂ ಸತ್ಯ ಇತ್ತು. ನಿಮಗೆ ವಯಸ್ಸು ಇನ್ನೂ ಕಮ್ಮಿ ಇದ್ದರೆ ಕನ್ನಡ ಪುಸ್ತಕ ಪ್ರಾಧಿಕಾರದ ಕಡೆ ನೋಡಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ಅವರದಿದೆ, ಅರ್ಜಿ ಕರೆದಾಗ ಪೇಪರಿನಲ್ಲಿ ಬರುತ್ತೆ. ನನ್ನ ವಯಸ್ಸು ಅದನ್ನೆಲ್ಲ ದಾಟಿ ಹೋಗಿತ್ತು.

ಡಿಟಿಪಿಗೆ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸಕ್ಕೆ, ನಮ್ಮೂರಲ್ಲೇ ಒಬ್ಬರಿಗೆ ಕೊಟ್ಟೆ. ಲಗ್ನಪತ್ರಿಕೆ, ಕರಪತ್ರ ಮಾಡುವವರು. ಕೈಯಲ್ಲಿ ಕೆಲಸ ಚೆನ್ನಾಗಿದೆ. ಪುಟಕ್ಕೆ 35 ರೂಪಾಯಿ. ಅವರ ಹತ್ತಿರ ಇದ್ದದ್ದು ಪುಟ ಕಟ್ಟುವ ಹಳೆ ಸಾಫ್ಟ್‌ವೇರ್ ಪೇಜ್‌ಮೇಕರ್. ಅದರಲ್ಲಿ ಯೂನಿಕೋಡ್ ಕನ್ನಡ ನಡೆಯುವುದಿಲ್ಲ. ನನ್ನ ಫೈಲನ್ನು 'ನುಡಿ' ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆ ಫಾಂಟಿಗೆ ಬದಲಾಯಿಸಿದರು. ಮೊದಲ ಪ್ರೂಫ್ ನೋಡಿ ತಲೆ ತಿರುಗಿತು. "ಬ್ಯಾಂಕ್‌ನಲ್ಲಿ" ಅಂತ ನಾನು ಬರೆದದ್ದು "ಬ್ಯಾಂಕ್ನಲ್ಲಿ" ಆಗಿದೆ, ಕಕಾರದ ಕಾಲಿಗೆ ನಕಾರ ಜೋತುಬಿದ್ದಿದೆ. "ಮಾರ್ಕೆಟ್‌ಗೆ" ಹೋದವಳು "ಮಾರ್ಕೆಟ್ಗೆ" ಹೋಗಿದ್ದಾಳೆ. ಅರ್ಕಾವತ್ತುಗಳು ಕೆಲವು ಕಡೆ ಒಂದಕ್ಷರ ಆಚೆ ಜಿಗಿದಿವೆ. ಇಂಥವು ಪುಟಕ್ಕೆ ಹತ್ತು ಹನ್ನೆರಡು. ಇಂಗ್ಲಿಷ್ ಪದಕ್ಕೆ ಕನ್ನಡ ಪ್ರತ್ಯಯ ಸೇರುವ ಜಾಗಗಳನ್ನೆಲ್ಲ ಮೊದಲೇ ಪಟ್ಟಿ ಮಾಡಿ ಕೊಟ್ಟರೆ ಅವರು ಒಟ್ಟಿಗೆ ಹುಡುಕಿ ಸರಿ ಮಾಡುತ್ತಾರೆ. ಅದಕ್ಕಿಂತ ಒಳ್ಳೆಯದು, ಕೆಲಸ ಕೊಡುವ ಮುಂಚೆಯೇ ಯೂನಿಕೋಡ್‌ನಲ್ಲಿ ಪುಟ ಕಟ್ಟುತ್ತೀರಾ ಅಂತ ಕೇಳಿ. ಇನ್‌ಡಿಸೈನ್‌ನ ಹೊಸ ಆವೃತ್ತಿ ಇರುವವರು ಕಟ್ಟುತ್ತಾರೆ. ದರ ಸ್ವಲ್ಪ ಜಾಸ್ತಿ ಇರಬಹುದು, ತಲೆನೋವು ಕಮ್ಮಿ.

ಕರಡು ತಿದ್ದಲು ಒಬ್ಬ ನಿವೃತ್ತ ಕನ್ನಡ ಮೇಷ್ಟ್ರನ್ನು ಹಿಡಿದೆ. ತುಂಬ ಶಿಸ್ತಿನವರು. ಕಾಗುಣಿತ ತಪ್ಪು ಒಂದೂ ಬಿಡಲಿಲ್ಲ. ಜೊತೆಗೆ ಮೊದಲ ಮೂರು ಅಧ್ಯಾಯದಲ್ಲಿ ನನ್ನ ಪಾತ್ರಗಳ ಬಾಯಿಯನ್ನೂ ತಿದ್ದಿಬಿಟ್ಟಿದ್ದರು. "ಐತಿ" ಇದ್ದಲ್ಲೆಲ್ಲ ಕೆಂಪು ಶಾಯಿಯಲ್ಲಿ "ಇದೆ". "ಮಾಡಾಕ" ಹೋಗಿ "ಮಾಡಲು". ಭಟ್ಟಿಯ ಹೆಂಗಸು ರೇಡಿಯೋ ವಾರ್ತೆ ಓದಿದ ಹಾಗೆ ಮಾತಾಡುತ್ತಿದ್ದಳು. ಹೋಗಿ ಕೂತು ಮಾತಾಡಿದೆ. ಅವರಿಗೂ ಒಂದು ನ್ಯಾಯವಾದ ಪ್ರಶ್ನೆ ಇತ್ತು. "ಒಂದು ಪುಟದಲ್ಲಿ 'ಬರ್ತೈತಿ', ಇನ್ನೊಂದರಲ್ಲಿ 'ಬರತೈತಿ'. ಯಾವುದು ನಿನ್ನದು?" ಅಂದರು. ಆ ಸಂಜೆ ಇಬ್ಬರೂ ಕೂತು ಆಡುಮಾತಿನ ಪದಗಳ ಒಂದು ಪಟ್ಟಿ ಮಾಡಿದೆವು. ಹೀಗೇ ಇರಲಿ ಅನ್ನುವ ಪದಗಳು, ಅವುಗಳಿಗೆ ಒಂದೇ ಕಾಗುಣಿತ. ಭಟ್ಟಿಯಲ್ಲಿ ದಖನಿ ಉರ್ದು ಬೆರೆಸಿ ಕನ್ನಡ ಆಡುವವರ ಮಾತಿಗೆ ಬೇರೆ ಪಟ್ಟಿ. ಪ್ರಾದೇಶಿಕ ಭಾಷೆಯಲ್ಲಿ ಬರೆಯುವವರು ಈ ಪಟ್ಟಿಯನ್ನು ಕರಡು ಕೊಡುವ ದಿನವೇ ಕೊಡಿ. ಪುಟಕ್ಕೆ 12 ರೂಪಾಯಿಯಂತೆ ಎರಡು ಸುತ್ತು ನೋಡಿಸಿದೆ. ಎರಡನೇ ಸುತ್ತು ಬೇಡ ಅಂತ ಅನ್ನಿಸುತ್ತೆ, ಬಿಡಬೇಡಿ.

ಮುನ್ನುಡಿಗಾಗಿ ಒಬ್ಬ ಹಿರಿಯರನ್ನು ಕೇಳಿದ್ದೆ. ಸಂತೋಷದಿಂದ ಒಪ್ಪಿದರು. ಆಮೇಲೆ ಬೇಸಿಗೆ ಹೋಯಿತು, ಮಳೆ ಬಂತು, ಗಣಪತಿ ಹಬ್ಬವೂ ಆಯಿತು. ಮತ್ತೆ ಮತ್ತೆ ಕೇಳಲು ಸಂಕೋಚ, ಕೇಳದೆ ಇರಲೂ ಆಗದು. ಕೊನೆಗೆ ಮುನ್ನುಡಿ ಇಲ್ಲದೆಯೇ ಪುಸ್ತಕ ತಂದೆ. ಓದಿದವರು ಯಾರೂ ಅದನ್ನು ಕೇಳಲಿಲ್ಲ. ಕೇಳುವುದಾದರೆ ತಾರೀಕು ಹೇಳಿ ಕೇಳಿ, ಆ ತಾರೀಕು ದಾಟಿದರೆ ನಮಸ್ಕಾರ ಹೇಳಿ ಮುಂದೆ ಹೋಗಿ.

ಐಎಸ್‌ಬಿಎನ್ ಅಂದರೆ ಪ್ರತಿ ಪುಸ್ತಕಕ್ಕೂ ಬೇರೆಯಾಗಿ ಕೊಡುವ ಗುರುತಿನ ನಂಬರ್. ಅದರ ಬಗ್ಗೆ ನನಗೆ ಭಯ ಇತ್ತು, ಅದೇ ಎಲ್ಲಕ್ಕಿಂತ ಸುಲಭವಾಯಿತು. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗೆ ಇದನ್ನು ಕೊಡುತ್ತೆ. ಅರ್ಜಿ ಆನ್‌ಲೈನ್. ಲೇಖಕರೇ ಪ್ರಕಾಶಕರಾಗಿದ್ದರೂ ಹಾಕಬಹುದು. ಗುರುತಿನ ಚೀಟಿ, ಪುಸ್ತಕದ ವಿವರ, ಶೀರ್ಷಿಕೆ ಪುಟ ಇಟ್ಟುಕೊಂಡು ಕೂತರೆ ಆಯಿತು. ಇದಕ್ಕೆ ಒಂದು ಪೈಸೆಯೂ ಇಲ್ಲ. ನಾನು ಮಾಡಿಸಿ ಕೊಡುತ್ತೇನೆ, ಇಷ್ಟು ಸಾವಿರ ಕೊಡಿ ಅಂತ ಯಾರಾದರೂ ಅಂದರೆ ಕೊಡಬೇಡಿ. ನನಗೂ ಒಬ್ಬರು ಅಂದಿದ್ದರು. ಪುಟ ಕಟ್ಟುವ ಕೆಲಸ ನಡೆಯುತ್ತಿರುವಾಗಲೇ ಅರ್ಜಿ ಹಾಕಿಬಿಡಿ. ನಂಬರ್ ಬರದೆ ಹಿಂಬದಿ ರಕ್ಷಾಪುಟ ಮುಗಿಯುವುದಿಲ್ಲ.

ಮುದ್ರಣಕ್ಕೆ ಗದಗಿಗೆ ಹೋದೆ. ಮುದ್ರಣದ ಕೆಲಸಕ್ಕೆ ಗದಗ ಹಳೇ ಹೆಸರು, ಪ್ರೆಸ್ಸುಗಳೂ ಜಾಸ್ತಿ. ಹೋದ ಮೇಲೆ ತಿಳಿದದ್ದು ಫಾರಂ ಲೆಕ್ಕ. ಫಾರಂ ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಒಂದು ಕಂತೆ. ಡೆಮಿ 1/8 ಆಕಾರದಲ್ಲಿ 16 ಪುಟಕ್ಕೆ ಒಂದು ಫಾರಂ. ನನ್ನ ಪುಸ್ತಕ 259 ಪುಟಕ್ಕೆ ನಿಂತಿತ್ತು. 256 ಆದರೆ ಸರಿಯಾಗಿ 16 ಫಾರಂ. ಆ ಮೂರು ಪುಟಕ್ಕಾಗಿ ಇನ್ನೊಂದು ಫಾರಮ್ಮೇ ಹಾಕಬೇಕು, 13 ಪುಟ ಖಾಲಿ ಬಿಡಬೇಕು. ಪ್ರೆಸ್ಸಿನ ಮಾಲೀಕರು ಕನ್ನಡಕ ಏರಿಸಿ, "ಮೂರು ಪುಟ ಕಡಿಮಿ ಮಾಡ್ರಿ ಅಕ್ಕಾರ, ಯಾರಿಗೂ ಗೊತ್ತಾಗಂಗಿಲ್ಲ" ಅಂದರು. ಪ್ರೆಸ್ಸಿನ ಬೆಂಚಿನ ಮೇಲೇ ಕೂತು ಪೆನ್ನು ಹಿಡಿದೆ. ಎಲ್ಲಿ ಕತ್ತರಿಸಲಿ? ನೀರು ಕಾಯುತ್ತಾ ಬರೆದ ಪುಟಗಳಲ್ಲಿ ಒಂದು ಸಾಲು ತೆಗೆದರೂ ಹಿಂದಿನದು ಮುಂದಿನದು ಜಗ್ಗುತ್ತಿತ್ತು. ಹೊಳೆ ದಂಡೆಯ ಸೂರ್ಯೋದಯ ಮಾತ್ರ ಇಡಿಯಾಗಿ ಎತ್ತಿದರೂ ಏನೂ ಅಲುಗಾಡಲಿಲ್ಲ. ಮಂಜು ಹೋಯಿತು. ತಳಮಳದಲ್ಲಿ ಮುಕ್ಕಾಲು ಪಾಲು ಹೋಯಿತು. ತವರಿನಲ್ಲಿ ಬರೆದದ್ದರಲ್ಲಿ ಈಗ ಪುಸ್ತಕದಲ್ಲಿರುವುದು ನಾಯಕಿ ಕಾಫಿ ಲೋಟ ತೊಳೆಯುವ ಒಂದು ಪ್ಯಾರಾ ಮಾತ್ರ.

ಖರ್ಚಿನ ಲೆಕ್ಕ ಕೇಳುವವರು ಜಾಸ್ತಿ, ಹೇಳಿಬಿಡುತ್ತೇನೆ. 500 ಪ್ರತಿ, 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ, ದಪ್ಪ ಆರ್ಟ್ ಕಾರ್ಡಿನ ರಕ್ಷಾಪುಟ, ಮ್ಯಾಟ್ ಲ್ಯಾಮಿನೇಷನ್, ಅಂಟು ಹಾಕಿ ಕಟ್ಟುವ ಪರ್ಫೆಕ್ಟ್ ಬೈಂಡಿಂಗ್. ಮುದ್ರಣಕ್ಕೆ 52 ಸಾವಿರದ ಹತ್ತಿರ. ಡಿಟಿಪಿ ಸುಮಾರು 9 ಸಾವಿರ, ಕರಡಿಗೆ 6 ಸಾವಿರ, ಮುಖಪುಟ ಬರೆದ ಹುಡುಗನಿಗೆ 5 ಸಾವಿರ. ಸಾಗಣೆ, ಓಡಾಟ ಬೇರೆ. ಅಚ್ಚಾದ ಪುಸ್ತಕದ ಮಾರಾಟಕ್ಕೆ ಜಿಎಸ್‌ಟಿ ಇಲ್ಲ. ಆದರೆ ಪ್ರೆಸ್ಸಿನವರು ತಮ್ಮ ಬಿಲ್ಲಿಗೆ ತೆರಿಗೆ ಹಾಕುತ್ತಾರೆ, ಕೊಟೇಶನ್ ತಗೊಳ್ಳುವಾಗಲೇ ಸೇರಿದೆಯಾ ಅಂತ ಕೇಳಿ. ಬೆಲೆ 300 ಇಟ್ಟೆ. ಅಂಗಡಿಯವರಿಗೆ ಶೇಕಡಾ 35ರಿಂದ 40 ಬಿಡಬೇಕು. ಅಂದರೆ ನಮ್ಮ ಕೈಗೆ ಬರೋದು 180ರಿಂದ 195. ಹಾಕಿದ ದುಡ್ಡು ವಾಪಸ್ ಬರಬೇಕಾದರೆ 400ರ ಆಸುಪಾಸು ಪ್ರತಿ ಹೋಗಬೇಕು. ದುಡ್ಡು ಜಾಸ್ತಿ ಇಲ್ಲದವರು 100 ಪ್ರತಿಯನ್ನು ಡಿಜಿಟಲ್ ಮುದ್ರಣ ಮಾಡಿಸಬಹುದು. ಪ್ರತಿಗೆ ಬೀಳುವ ಖರ್ಚು ಹೆಚ್ಚು, ಆದರೆ ಮಂಚದ ಕೆಳಗೆ ಕಟ್ಟುಗಳು ಕೂರುವುದಿಲ್ಲ.

ಬಿಡುಗಡೆ ಊರಿನದೇ ಒಂದು ಸಣ್ಣ ಸಭಾಂಗಣದಲ್ಲಿ. ಹಾರ, ಶಾಲು ಬೇಡ ಅಂತ ಮೊದಲೇ ಹೇಳಿದ್ದೆ. ಆದರೂ ಯಾರೋ ತಂದರು. ಬಂದವರಿಗೆ ಮಂಡಕ್ಕಿ, ಮಿರ್ಚಿ, ಚಹಾ. ಭಟ್ಟಿಯಿಂದಲೇ ಮಂಡಕ್ಕಿ ತರಿಸಿದ್ದೆ, ದುಡ್ಡು ಕೊಟ್ಟೇ. ಅಲ್ಲಿಯವರನ್ನೂ ಕರೆದಿದ್ದೆ, ಕೆಲಸ ಬಿಟ್ಟು ಬರಲು ಆಗಲಿಲ್ಲ. ಮಾತಾಡಿದವರೊಬ್ಬರು ಪುಸ್ತಕ ಓದದೆಯೇ ಬಂದಿದ್ದರು ಅನ್ನೋದು ಎರಡನೇ ವಾಕ್ಯಕ್ಕೇ ಗೊತ್ತಾಯಿತು. ಅದೂ ಒಂದು ಅನುಭವ. ಅತಿಥಿಗಳಿಗೆ ಪುಸ್ತಕವನ್ನು ತಿಂಗಳ ಮುಂಚೆ ಕೊಡಿ. ಬಂದ ನೆಂಟರಲ್ಲಿ ಅರ್ಧ ಜನ "ನನಗೊಂದು ಗೌರವ ಪ್ರತಿ" ಅಂದರು. ಕ್ಯಾಷಿಯರ್ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದರಿಂದ ಬಚಾವಾದೆ. ಅವರು ಯಾರಿಗೂ ಬಿಟ್ಟಿ ಕೊಡಲಿಲ್ಲ. ನನ್ನ ಸ್ವಂತ ಚಿಕ್ಕಪ್ಪನಿಗೂ ರಸೀದಿ ಹರಿದರು.

ಅಂಚೆಯಲ್ಲಿ ಪುಸ್ತಕ ಕಳಿಸೋ ವಿಷಯಕ್ಕೆ ಬರೋಣ. ಹಳೆ ರಿಜಿಸ್ಟರ್ಡ್ ಬುಕ್ ಪೋಸ್ಟ್ ಈಗ ಇಲ್ಲ. 2025ರ ಮೇ 1ರಿಂದ ಜ್ಞಾನ್ ಪೋಸ್ಟ್ ಅಂತ ಶುರುವಾಗಿದೆ. 300 ಗ್ರಾಂವರೆಗೆ 20 ರೂಪಾಯಿ, ಗರಿಷ್ಠ 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಎಲ್ಲ ಪುಸ್ತಕಕ್ಕೂ ಅನ್ವಯಿಸೋದಿಲ್ಲ. ಶೈಕ್ಷಣಿಕ, ಸಾಂಸ್ಕೃತಿಕ ಇತ್ಯಾದಿ ಷರತ್ತುಗಳಿವೆ. ಹಾಗಾಗಿ ಪುಸ್ತಕವನ್ನು ಕೌಂಟರಿನಲ್ಲಿ ತೋರಿಸಿ ಮೊದಲೇ ಕೇಳಿಕೊಳ್ಳಿ. ನನ್ನ ಪುಸ್ತಕ ಬರೀ ತೂಗಿದರೆ 300 ಗ್ರಾಂ ಒಳಗೇ ಇದೆ. ರಟ್ಟು ಇಟ್ಟು ಕಂದು ಕಾಗದ ಸುತ್ತಿದರೆ ದಾಟಿ, ಮುಂದಿನ ದರಕ್ಕೆ ಹೋಗುತ್ತೆ. ಈಗ ರಟ್ಟು ಬಿಟ್ಟು ತೆಳು ಕವರಿನಲ್ಲಿ ಹಾಕುತ್ತಿದ್ದೇನೆ.

ಪ್ರಕಾಶಕರಾದ ಮೇಲೆ ಒಂದು ಕಾನೂನು ಕೆಲಸವೂ ಇದೆ. ಗ್ರಂಥಾಲಯಗಳಿಗೆ ಪುಸ್ತಕ ಒಪ್ಪಿಸುವ ಬಗೆಗಿನ 1954ರ ಕಾಯ್ದೆ ಪ್ರಕಾರ ಪುಸ್ತಕ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ, ಚೆನ್ನೈನ ಕನ್ನೆಮರ, ಮುಂಬೈನ ಕೇಂದ್ರ ಗ್ರಂಥಾಲಯ ಮತ್ತು ದೆಹಲಿ ಪಬ್ಲಿಕ್ ಲೈಬ್ರರಿಗೆ ಒಂದೊಂದು ಪ್ರತಿಯನ್ನು ನಮ್ಮ ಖರ್ಚಿನಲ್ಲೇ ಕಳಿಸಬೇಕು. ಕಳಿಸಿದ ರಸೀದಿ ಜೋಪಾನವಾಗಿಡಿ. ರಾಜ್ಯದ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಕರೆದಾಗ ಹಾಕಬೇಕು ಅಂತಿದ್ದೇನೆ, ಅದರ ಕಾಗದಗಳನ್ನು ಈಗಲೇ ಒಂದು ಫೈಲಿನಲ್ಲಿ ಸೇರಿಸುತ್ತಿದ್ದೇನೆ.

ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಪ್ರತಿ ಖಾಲಿಯಾಗಿವೆ. ಅಂಗಡಿಗಳಿಂದ ದುಡ್ಡು ಮಾರಾಟವಾದ ಮೇಲೆ ಬರುತ್ತೆ, ಆ ಲೆಕ್ಕಕ್ಕೆ ಒಂದು ಲೆಡ್ಜರ್ ಇಟ್ಟಿದ್ದೇನೆ. ಎರಡನೇ ಕಾದಂಬರಿ ಯಾವಾಗ ಅಂತ ಕೇಳುತ್ತಾರೆ. ಕ್ಯಾಷಿಯರ್ ಪ್ರಕಾರ ಜಾಮೀನುದಾರನಿಗೆ ಕೊನೆಯಲ್ಲಿ ಅನ್ಯಾಯ ಆಗಿದೆ, ಅವನ ಮನೆಯವರ ಗತಿ ಏನು ಅಂತ ನಾನು ಬರೆದೇ ಇಲ್ಲ. ಊಟದ ಬಿಡುವಿನಲ್ಲಿ ದಿನಾ ಇದೇ ಮಾತು. ನೀರು ಬರುವ ದಿನ ಅದರ ಬಗ್ಗೆ ಒಂದೆರಡು ಪುಟ ಆಗಿವೆ, ನೋಡಬೇಕು. ಮೇಷ್ಟ್ರ ಜೊತೆ ಕೂತು ಮಾಡಿದ ಆಡುಮಾತಿನ ಪಟ್ಟಿ, ಪ್ರತ್ಯಯ ಸೇರುವ ಪದಗಳ ಪಟ್ಟಿ ಎರಡೂ ನನ್ನ ಹತ್ತಿರ ಇವೆ. ಬೇಕಾದವರು ಕೇಳಿ, ಕಳಿಸುತ್ತೇನೆ.